ನಕ್ಸಲ್ ಶರಣಾಗತಿ ಪ್ಯಾಕೇಜ್: ಏಳೂವರೆ ಲಕ್ಷ ಸಿಗುತ್ತದೆ, ಜಾಮೀನಿಗೆ ಪಹಣಿ ಸಿಗುವುದಿಲ್ಲ

ಫಲಾನುಭವಿಗಳ ಲೆಕ್ಕ ಹಿಡಿದರೆ ರಾಜ್ಯದ ಅತಿ ಚಿಕ್ಕ ಯೋಜನೆಗಳಲ್ಲಿ ನಕ್ಸಲ್ ಶರಣಾಗತಿ ಯೋಜನೆಯೂ ಒಂದು. 2025ರ ಜನವರಿ 8ರಂದು ಬೆಂಗಳೂರಿನ ಮುಖ್ಯಮಂತ್ರಿಗಳ ಗೃಹ ಕಚೇರಿ ‘ಕೃಷ್ಣಾ’ದಲ್ಲಿ ಆರು ಮಂದಿ, ಫೆಬ್ರುವರಿ 1ರಂದು ಚಿಕ್ಕಮಗಳೂರಿನಲ್ಲಿ ಒಬ್ಬರು, ಮರುದಿನ ಉಡುಪಿಯಲ್ಲಿ ಇನ್ನೊಬ್ಬರು ಶರಣಾದರು. ಈ ಎಂಟು ಜನ ಹೊರಬಂದ ಮೇಲೆ ಸರ್ಕಾರ ಕರ್ನಾಟಕವನ್ನು ನಕ್ಸಲ್‌ಮುಕ್ತ ಎಂದು ಘೋಷಿಸಿತು. ಎರಡು ದಶಕ ಕೂಂಬಿಂಗ್ ಮಾಡಿದರೂ ಮುಗಿಯದಿದ್ದ ಕೆಲಸ ನಾಲ್ಕು ವಾರದೊಳಗೆ ಗುಂಡು ಹಾರದೆ ಮುಗಿಯಿತು. ಹಾಗಾಗಿ ಇದನ್ನು ಬರೀ ಸುದ್ದಿಯಾಗಿ ಓದಿ ಬಿಡುವಂತಿಲ್ಲ. ಯಾವುದೇ ಸರ್ಕಾರಿ ಸೇವೆಯನ್ನು ನೋಡುವ ಹಾಗೆಯೇ ಇದನ್ನೂ ನೋಡಬೇಕು: ಯಾರಿಗೆ ಸಿಗುತ್ತದೆ, ಕೈಗೆ ಏನು ಬರುತ್ತದೆ, ಎಲ್ಲಿ ಕೈಕೊಡುತ್ತದೆ.

ಮದ್ದಿನ ಮಾತಿಗೆ ಮೊದಲು ರೋಗದ ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಬಿದ್ದದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಅದರೊಳಗೆ ತಲೆಮಾರುಗಳಿಂದ ಬದುಕಿದ್ದ ಮಲೆಕುಡಿಯರು, ಗೌಡಲು, ಸಣ್ಣ ಹಿಡುವಳಿಯ ರೈತರು ಒಂದೇ ಕಾಗದದಿಂದ ‘ಒತ್ತುವರಿದಾರ’ರಾದರು. ಉದ್ಯಾನದೊಳಗೆ ಸೀಗೆಕಾಯಿ ಆಯುವುದು, ಜೇನು ಇಳಿಸುವುದು, ರಾಮಪತ್ರೆ ಕೊಯ್ಯುವುದು ಅಪರಾಧದ ಪಟ್ಟಿಗೆ ಸೇರಿತು. ಅದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದೇ ಇತ್ತು. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅದು ನಿಂತದ್ದು 2005ರ ಕೊನೆಗೆ. ಗುಡ್ಡವನ್ನೇ ಬಗೆಯುವವರಿಗೆ ಗಡುವು ಸಿಕ್ಕಿತು, ಸೀಗೆ ಆಯುವವರಿಗೆ ನೋಟಿಸ್ ಸಿಕ್ಕಿತು. ಮಲೆನಾಡಿನಲ್ಲಿ ಹೊತ್ತಿಕೊಂಡ ಸಿಟ್ಟಿನ ಬೇರು ಈ ಹೋಲಿಕೆಯಲ್ಲಿದೆ.

ಆದರೆ ಬಡತನವೇ ಬಂದೂಕು ಹಿಡಿಸುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ನೋಟಿಸ್ ನೂರಾರು ಮನೆಗೆ ಹೋಗಿತ್ತು, ಕಾಡು ಸೇರಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅನ್ಯಾಯದ ಜೊತೆ ಇನ್ನೆರಡು ಕೂಡಿದಾಗ ಮಾತ್ರ ಹುಡುಗ ಹುಡುಗಿಯರು ಮನೆ ಬಿಟ್ಟರು. ಮೊದಲನೆಯದು, ಮನೆಬಾಗಿಲಿಗೆ ಬಂದು ಕೂತು ಮಾತು ಕೇಳಿಸಿಕೊಂಡ ಸಂಘಟನೆ. ಮೈಸೂರು ಮೂಲದ, ಪತ್ರಿಕೋದ್ಯಮ ಓದಿದ್ದ ನಕ್ಸಲ್ ನಾಯಕ ಸಾಕೇತ್ ರಾಜನ್ ಅಂಥವರು ಈ ಸೀಮೆಗೆ ಬಂದಾಗ ಜನರ ಅಹವಾಲು ಹಿಡಿದು ಅಲೆಯುವ ಬೇರೆಯವರು ಅಲ್ಲಿ ಕಡಿಮೆ ಇದ್ದರು. ಎರಡನೆಯದು ಸೇಡು. 2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಹತ್ತಿರ ಸಾಕೇತ್ ರಾಜನ್ ಹತರಾದರು. ಅದಾದ ನಾಲ್ಕೇ ದಿನಕ್ಕೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸ್ ಕ್ಯಾಂಪ್ ಮೇಲೆ ನುಗ್ಗಿ ಏಳು ಪೊಲೀಸರನ್ನು ಕೊಂದರು. ಮುಂದೆ ‘ಮಾಹಿತಿದಾರ’ ಎಂಬ ಹಣೆಪಟ್ಟಿ ಅಂಟಿಸಿ ಊರಿನವರನ್ನೇ ಕೊಲ್ಲತೊಡಗಿದರು. 2008ರ ಮೇ ತಿಂಗಳಲ್ಲಿ ಹೆಬ್ರಿ ಹತ್ತಿರದ ಸೀತಾನದಿಯಲ್ಲಿ ಸತ್ತವರಲ್ಲಿ ಒಬ್ಬರು ಶಾಲೆಯ ಮೇಷ್ಟ್ರು. ಯಾರ ಪರವಾಗಿ ಬಂದೂಕು ಎತ್ತಿದ್ದೇವೆ ಎಂದು ಹೇಳಿಕೊಂಡಿದ್ದರೋ ಆ ಊರುಗಳ ಮನಸ್ಸು ಚಳವಳಿಯಿಂದ ಹಿಂದೆ ಸರಿಯಲು ಈ ಕೊಲೆಗಳೇ ಮುಖ್ಯ ಕಾರಣ.

ಇತ್ತ ಪೊಲೀಸರ ತಪ್ಪೂ ಅದೇ ಬೆಂಕಿಗೆ ತುಪ್ಪ ಸುರಿಯಿತು. 2012ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ಸಾಕ್ಷ್ಯವೆಂದು ತಂದಿಟ್ಟ ಸಾಮಾನಿನಲ್ಲಿ ಭಗತ್ ಸಿಂಗ್ ಕುರಿತ ಒಂದು ಪುಸ್ತಕ, ಪತ್ರಿಕೆಯ ತುಣುಕುಗಳು, ಮೂಲಸೌಕರ್ಯ ಕೊಡುವವರೆಗೆ ಮತದಾನ ಬಹಿಷ್ಕರಿಸುತ್ತೇವೆ ಎಂಬ ಪತ್ರ ಇದ್ದವು. ಆ ಹುಡುಗ ಕೈಕೋಳ ಹಾಕಿಕೊಂಡೇ ಪರೀಕ್ಷೆ ಬರೆಯಬೇಕಾಯಿತು. ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರಲ್ಲಿ. 2014ರ ಏಪ್ರಿಲ್‌ನಲ್ಲಿ ಶೃಂಗೇರಿ ಸಮೀಪದ ತನಿಕೋಡು ಚೆಕ್‌ಪೋಸ್ಟ್‌ನಲ್ಲಿ ನಕ್ಸಲ್ ನಿಗ್ರಹ ದಳದ ಗುಂಡಿಗೆ ಬಲಿಯಾದವನು ಜಾನುವಾರು ಸಾಗಿಸುತ್ತಿದ್ದ ಯುವಕ. ಇಂಥ ಒಂದೊಂದು ಘಟನೆಯೂ ‘ಹೊರಗಿದ್ದರೂ ಬಿಡುವುದಿಲ್ಲ’ ಎಂಬ ಮಾತನ್ನು ಕಾಡಿನೊಳಗೆ ಗಟ್ಟಿ ಮಾಡುತ್ತಿತ್ತು. ಶರಣಾಗತಿ ಯೋಜನೆ ಪೈಪೋಟಿ ನಡೆಸಬೇಕಿರುವುದು ಈ ಮಾತಿನ ಜೊತೆ. ದುಡ್ಡಿನ ಆಸೆ ಆಮೇಲಿನದು.

ಈಗ ಯೋಜನೆಯ ಒಳಗೆ ಹೋಗೋಣ.

ಕೆಲಸ ಶುರುವಾಗುವುದು ಮಧ್ಯಸ್ಥರಿಂದ. ಕಾಡಿನಲ್ಲಿರುವವರು ನೇರವಾಗಿ ಠಾಣೆಗೆ ಬರುವುದಿಲ್ಲ. ದಾರಿಯಲ್ಲೇ ‘ಎನ್‌ಕೌಂಟರ್’ ಆದರೆ ಎಂಬ ಭಯ ಇರುತ್ತದೆ, ಹಿಂದಿನದ್ದೆಲ್ಲ ನೋಡಿದರೆ ಅದು ಸುಳ್ಳು ಭಯವೂ ಅಲ್ಲ. ಹಾಗಾಗಿ ಮೊದಲ ಸುದ್ದಿ ಹೋಗುವುದು ಮನೆಯವರಿಗೆ, ಅಲ್ಲಿಂದ ನಂಬಿಕಸ್ಥ ವಕೀಲರಿಗೋ ಊರಿನ ಹೋರಾಟಗಾರರಿಗೋ, ಅಲ್ಲಿಂದ ಸರ್ಕಾರ ನೇಮಿಸಿದ ಶರಣಾಗತಿ ಸಮಿತಿಗೆ. ಈ ಸಮಿತಿಯಲ್ಲಿ ಒಬ್ಬ ಸಾಹಿತಿ, ಒಬ್ಬ ವಕೀಲ, ಒಬ್ಬ ಪತ್ರಕರ್ತ ಇದ್ದದ್ದು ಒಳ್ಳೆಯ ಆಯ್ಕೆ. 2014ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಇಬ್ಬರು ಹಿರಿಯ ನಾಯಕರು ಹೊರಬಂದಾಗಲೂ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರಿದ್ದ ನಾಗರಿಕ ವೇದಿಕೆಯೇ ಸೇತುವೆಯಾಗಿತ್ತು. ಪೊಲೀಸ್ ಅಧಿಕಾರಿಯ ಮಾತಿಗಿಂತ ಇಂಥವರ ಮಾತು ತೂಕದ್ದು. ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಮಾತು ತಪ್ಪಿದಾಗ ಎದ್ದು ನಿಂತು ಕೇಳುವವರು ಊರಲ್ಲೇ ಉಳಿಯಬೇಕು. ಇಡೀ ಯೋಜನೆಯಲ್ಲಿ ಅತ್ಯಂತ ಗಟ್ಟಿಯಾದ ಭಾಗ ಇದೇ.

2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆ ಬಳಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದಾಗ ಈ ಸೇತುವೆಯೂ ಕುಸಿದೀತು ಎಂದು ಅನೇಕರು ಅಂದುಕೊಂಡಿದ್ದರು. ಕುಸಿಯಲಿಲ್ಲ. 51ನೇ ದಿನಕ್ಕೆ ಆರು ಮಂದಿ ಬಂದರು. ಎನ್‌ಕೌಂಟರ್ ಆದದ್ದರಿಂದಲೇ ಬಂದರು ಎನ್ನುವವರಿದ್ದಾರೆ. ಆ ವಾದ ಪೂರ್ತಿ ನಿಲ್ಲುವುದಿಲ್ಲ. 2003ರಿಂದ ಎನ್‌ಕೌಂಟರ್‌ಗಳು ಆಗುತ್ತಲೇ ಇದ್ದವು, ಅವುಗಳ ಬೆನ್ನಿಗೇ ಸಾಲಾಗಿ ಯಾರೂ ಹೊರಬರಲಿಲ್ಲ. ಒತ್ತಡ ಇತ್ತು, ದಳ ಕರಗಿತ್ತು, ಹೊಸಬರು ಸೇರುತ್ತಿರಲಿಲ್ಲ, ಅದೆಲ್ಲ ನಿಜ. ಆದರೆ ಓಡುವವನಿಗೆ ಬಾಗಿಲು ತೆರೆದದ್ದು ಕಂಡರೆ ತಾನೇ ಒಳಗೆ ಬರುವುದು?

ಆಯುಧದ ವಿಷಯದಲ್ಲಿ ಯೋಜನೆ ಎಡವಿತು. ಶರಣಾದ ದಿನ ಬಂದೂಕುಗಳು ಜೊತೆಯಲ್ಲಿ ಬರಲಿಲ್ಲ. ಎರಡು ದಿನದ ನಂತರ ಕೊಪ್ಪ ತಾಲ್ಲೂಕಿನ ಜಯಪುರ ಠಾಣೆ ವ್ಯಾಪ್ತಿಯ ಕಾಡಿನಲ್ಲಿ ಒಂದು ಎಕೆ-56, ಮೂರು 303 ರೈಫಲ್ ಮತ್ತಿತರ ಆಯುಧಗಳು, ಮದ್ದುಗುಂಡು ಸಿಕ್ಕವು. ಆ ಎರಡು ದಿನ ವಿರೋಧ ಪಕ್ಷ ‘ಆಯುಧ ಎಲ್ಲಿ’ ಎಂದು ಕೇಳುತ್ತಿತ್ತು, ಕೇಳಿದ್ದು ತಪ್ಪಲ್ಲ. ಸರಿಯಾದ ಕ್ರಮ ಹೀಗಿರಬೇಕು: ಶರಣಾಗುವ ಹೊತ್ತಿಗೇ ಅಡಗುತಾಣದ ಮಾಹಿತಿ ಪಡೆದು, ಪಂಚರ ಎದುರು ಮಹಜರು ಮಾಡಿ, ಒಂದೊಂದು ಆಯುಧದ ನಂಬರ್, ಸುತ್ತುಗುಂಡಿನ ಎಣಿಕೆ ಬರೆದು, ಮಧ್ಯಸ್ಥರ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಪೆಟ್ಟು ಬೀಳುವುದು ಶರಣಾದವರಿಗೇ. ಮುಂದೆ ಯಾವುದೋ ಕಾಡಿನಲ್ಲಿ ಇನ್ನೊಂದು ಬಂದೂಕು ಸಿಕ್ಕರೆ ಅದನ್ನೂ ಇವರ ತಲೆಗೇ ಕಟ್ಟಬಹುದು.

ಇನ್ನು ದುಡ್ಡು. ರಾಜ್ಯದ ಪ್ಯಾಕೇಜ್‌ನಲ್ಲಿ ಎ ವರ್ಗಕ್ಕೆ, ಅಂದರೆ ಕರ್ನಾಟಕದವರೇ ಆದ ಸಕ್ರಿಯ ಸದಸ್ಯರಿಗೆ, 7.5 ಲಕ್ಷ ರೂಪಾಯಿ. ಹೊರರಾಜ್ಯದವರು ಬಿ ವರ್ಗ, ಅವರಿಗೆ 4 ಲಕ್ಷ. ಸಿ ವರ್ಗಕ್ಕೆ 2 ಲಕ್ಷ. ಹಣ ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಮೇಲ್ದರ್ಜೆಯವರಿಗೆ 5 ಲಕ್ಷ, ಉಳಿದವರಿಗೆ 2.5 ಲಕ್ಷ, ಜೊತೆಗೆ ಕಸುಬು ಕಲಿಯುವಾಗ 36 ತಿಂಗಳವರೆಗೆ ತಿಂಗಳ ಭತ್ಯೆ ಇದೆ. ಭತ್ಯೆ ಬಿಟ್ಟು ನೋಡಿದರೆ ಎ ವರ್ಗದ ಮೊತ್ತದಲ್ಲಿ ರಾಜ್ಯ ಮುಂದಿದೆ. ಆದರೆ ಲೆಕ್ಕ ಹಾಕಿ ನೋಡಿ: ಏಳೂವರೆ ಲಕ್ಷ ಪೂರ್ತಿ ಬಂದು ಬ್ಯಾಂಕಿನಲ್ಲಿಟ್ಟು ಶೇ 7ರ ಬಡ್ಡಿ ಸಿಕ್ಕಿದರೂ ವರ್ಷಕ್ಕೆ 52,500, ತಿಂಗಳಿಗೆ 4,375 ರೂಪಾಯಿ. ನಲವತ್ತೈದು ದಾಟಿದ, ಇಪ್ಪತ್ತು ವರ್ಷ ಕಾಡಿನಲ್ಲಿ ಅಲೆದು ಮಂಡಿ ಸವೆದ ಮನುಷ್ಯನಿಗೆ ಇದು ಆಸರೆ ಅಷ್ಟೇ, ಜೀವನ ಅಲ್ಲ. ತಿಂಗಳ ಭತ್ಯೆಯ ಕಾಲವನ್ನು ಕೇಂದ್ರದಂತೆ ಮೂರು ವರ್ಷಕ್ಕೆ ನಿಗದಿ ಮಾಡಿ, ಅದು ಜೈಲಿನಿಂದ ಹೊರಬಂದ ದಿನದಿಂದ ಎಣಿಕೆಯಾಗುವಂತೆ ಆದೇಶದಲ್ಲೇ ಬರೆಯಬೇಕು. ಶರಣಾದ ದಿನದಿಂದ ಎಣಿಸಿದರೆ ಭತ್ಯೆಯ ಅವಧಿ ಸೆರೆಮನೆಯಲ್ಲೇ ಕಳೆದುಹೋಗುತ್ತದೆ.

ಕಂತು ಬರಲು ಖಾತೆ ಬೇಕು, ಖಾತೆಗೆ ಆಧಾರ್ ಬೇಕು. ಆಧಾರ್ ನೋಂದಣಿ ಶುರುವಾದದ್ದು 2010ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲೇ ಮನೆ ಬಿಟ್ಟವರ ಹೆಸರು ಆಧಾರ್‌ನಲ್ಲಿ ಇರಲು ಸಾಧ್ಯವಿಲ್ಲ, ರೇಷನ್ ಕಾರ್ಡಿನಿಂದ ಹೆಸರು ತೆಗೆದಿರುತ್ತಾರೆ, ಮತದಾರರ ಪಟ್ಟಿಯಲ್ಲೂ ಇರುವುದಿಲ್ಲ. ಶಾಲೆಯ ವರ್ಗಾವಣೆ ಪತ್ರ ಸಿಕ್ಕರೆ ಪುಣ್ಯ. ಆದ್ದರಿಂದ ಮೊದಲ ವಾರದಲ್ಲೇ ಆಗಬೇಕಾದ ಕೆಲಸಗಳಿವು: ಓದಿದ ಶಾಲೆಯ ದಾಖಲಾತಿ ಪುಸ್ತಕದಿಂದ ಜನ್ಮದಿನಾಂಕದ ನಕಲು, ಜಾತಿ ಪ್ರಮಾಣಪತ್ರ, ಜೈಲಿಗೇ ಕಿಟ್ ತರಿಸಿ ಆಧಾರ್ ನೋಂದಣಿ, ಆಮೇಲೆ ಖಾತೆ. ಜಾತಿ ಪ್ರಮಾಣಪತ್ರವನ್ನು ಮರೆಯಬಾರದು. ಪರಿಶಿಷ್ಟ ಪಂಗಡದವರಿಗೆ ಮನೆ, ಸಾಲ, ಅರಣ್ಯ ಹಕ್ಕು ಎಲ್ಲವೂ ಆ ಕಾಗದದ ಮೇಲೆಯೇ ನಿಂತಿವೆ. ತಹಶೀಲ್ದಾರರ ಕಚೇರಿಗೆ ಅಲೆಯುವ ಈ ಕೆಲಸಕ್ಕೆ ಜಿಲ್ಲಾಧಿಕಾರಿ ಒಬ್ಬ ಗುಮಾಸ್ತರನ್ನು ಹೆಸರು ಹೇಳಿ ನೇಮಿಸಿದರೆ ಹದಿನೈದು ದಿನದಲ್ಲಿ ಮುಗಿಯುತ್ತದೆ. ನೇಮಿಸದಿದ್ದರೆ ಮುದಿ ತಂದೆತಾಯಿ ಅಲೆಯುತ್ತಾರೆ.

ನ್ಯಾಯಾಲಯದ ಹಂತದಲ್ಲಿ ಯೋಜನೆ ನಿಜಕ್ಕೂ ಸೋಲುತ್ತದೆ. ಶರಣಾಗತಿ ಎಂದರೆ ಬಿಡುಗಡೆ ಅಲ್ಲ. ಅವತ್ತೇ ಬಂಧನ, ನ್ಯಾಯಾಂಗ ವಶ, ಆಮೇಲೆ ಒಂದೊಂದು ಠಾಣೆಯ ಪ್ರಕರಣಕ್ಕೂ ಬಾಡಿ ವಾರಂಟ್, ಅಂದರೆ ಜೈಲಿನಲ್ಲಿರುವವರನ್ನು ಇನ್ನೊಂದು ನ್ಯಾಯಾಲಯಕ್ಕೆ ಹಾಜರುಪಡಿಸುವ ಆದೇಶ. ಮಲೆನಾಡಿನಲ್ಲಿ ಒಂದೇ ಕರಪತ್ರ ಮೂರು ಊರಲ್ಲಿ ಸಿಕ್ಕರೆ ಮೂರು ಠಾಣೆಗಳಲ್ಲಿ ಮೂರು ಎಫ್‌ಐಆರ್ ಆಗುವುದು ಮಾಮೂಲು. ಕೇರಳ, ತಮಿಳುನಾಡಿನಲ್ಲೂ ಪ್ರಕರಣ ಇದ್ದರೆ ಮೂರು ರಾಜ್ಯಗಳ ನಡುವೆ ವಾಯಿದೆಗೆ ಓಡಾಟ. ಬೆಂಗಾವಲು ಪೊಲೀಸರು ಸಿಗದ ದಿನ ವಾಯಿದೆ ಮುಂದೂಡಿಕೆ. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ (ಯುಎಪಿಎ) ಹಾಕಿದ್ದರೆ ದೋಷಾರೋಪ ಪಟ್ಟಿಗೇ 180 ದಿನದವರೆಗೆ ಕಾಲಾವಕಾಶ ಇದೆ, ಅದರ 43ಡಿ(5) ಕಲಮಿನ ಅಡಿ ಜಾಮೀನು ಬಲು ಕಷ್ಟ. 2016, 2017ರಲ್ಲಿ ಶರಣಾದ ಕೆಲವರ ಪ್ರಕರಣಗಳು ವರ್ಷಗಟ್ಟಲೆ ಎಳೆದದ್ದನ್ನು ಕಾಡಿನಲ್ಲಿ ಉಳಿದವರು ನೋಡುತ್ತಲೇ ಇದ್ದರು. ಹೊರಗೆ ಬಂದವರು ಹೇಗಿದ್ದಾರೆ ಎಂಬುದಕ್ಕಿಂತ ದೊಡ್ಡ ಜಾಹೀರಾತು ಈ ಯೋಜನೆಗೆ ಇಲ್ಲ. 2017ರ ನಂತರ ಬಹುಕಾಲ ಯಾರೂ ಬಾರದ್ದಕ್ಕೆ ಆ ಜಾಹೀರಾತು ಕೆಟ್ಟದ್ದೂ ಒಂದು ಕಾರಣ.

ಜಾಮೀನು ಮಂಜೂರಾಯಿತು ಎನ್ನೋಣ. ನ್ಯಾಯಾಲಯ ಇಬ್ಬರು ಶ್ಯೂರಿಟಿ, ಅಂದರೆ ಜಾಮೀನುದಾರರನ್ನು ಕೇಳುತ್ತದೆ. ಶ್ಯೂರಿಟಿ ನಿಲ್ಲುವವರು ಪಹಣಿ ತರಬೇಕು. ಉದ್ಯಾನದೊಳಗಿನ ಮನೆಯವರಿಗೆ ಪಹಣಿ ಎಲ್ಲಿಯದು? ಅಣ್ಣನಿಗೆ ಹಕ್ಕುಪತ್ರ ಸಿಕ್ಕಿಲ್ಲ, ಮಾವನ ಅರ್ಜಿ ತಿರಸ್ಕೃತವಾಗಿದೆ, ನೆಂಟರದ್ದೂ ಅದೇ ಕಥೆ. ಪಹಣಿ ಇರುವ ಊರಿನ ದೊಡ್ಡ ಹಿಡುವಳಿದಾರರು ನಕ್ಸಲ್ ಪ್ರಕರಣಕ್ಕೆ ಸಹಿ ಹಾಕಲು ಹೆದರುತ್ತಾರೆ. ಪ್ರಕರಣ ಹತ್ತಿದ್ದರೆ ಹತ್ತಕ್ಕೂ ಬೇರೆ ಬೇರೆ ಶ್ಯೂರಿಟಿ. ಯಾವ ಕಾಗದ ಸಿಗದೆ ಹುಡುಗಿಯೊಬ್ಬಳು ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟಳೋ ಅದೇ ಕಾಗದ ಇಲ್ಲದೆ ಇವತ್ತು ಜೈಲಿನಿಂದ ಹೊರಬರಲಾಗದೆ ಕೂತಿರುತ್ತಾಳೆ. ಯೋಜನೆ ಬರೆದವರ ಗಮನಕ್ಕೆ ಇದು ಬಂದಂತಿಲ್ಲ. ಪರಿಹಾರ ಕಷ್ಟದ್ದೇನಲ್ಲ. ಸರ್ಕಾರಿ ಅಭಿಯೋಜಕರು ವೈಯಕ್ತಿಕ ಮುಚ್ಚಳಿಕೆಗೆ ಅಥವಾ ಪ್ಯಾಕೇಜ್ ಹಣದ ಠೇವಣಿಯನ್ನೇ ಭದ್ರತೆಯಾಗಿ ಇಡುವುದಕ್ಕೆ ಆಕ್ಷೇಪ ಇಲ್ಲ ಎಂದು ಲಿಖಿತವಾಗಿ ಹೇಳಲಿ, ಒಂದೇ ಶ್ಯೂರಿಟಿಯನ್ನು ಹಲವು ಪ್ರಕರಣಗಳಿಗೆ ಒಪ್ಪುವಂತೆ ಅರ್ಜಿ ಹಾಕಲಿ.

ಪ್ರಕರಣ ವಾಪಸಾತಿ ಬಗ್ಗೆ ಒಂದು ಮಾತು. ‘ಸರ್ಕಾರ ಕೇಸು ತೆಗೆದುಬಿಡುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮಿನ ಅಡಿ ಅರ್ಜಿ ಹಾಕಬೇಕಾದವರು ಅಭಿಯೋಜಕರು, ಒಪ್ಪಬೇಕಾದದ್ದು ನ್ಯಾಯಾಲಯ. ಕೊಲೆ ಪ್ರಕರಣಗಳನ್ನು ಹಾಗೆ ತೆಗೆಯಲೂ ಬಾರದು. ಸೀತಾನದಿಯ ಮೇಷ್ಟ್ರ ಮನೆಯವರಿಗೂ ನ್ಯಾಯ ಬೇಕು. ಮಾಡಬಹುದಾದದ್ದು ಇಷ್ಟು: ಕರಪತ್ರ ಅಂಟಿಸಿದ, ಅಕ್ಕಿ ಕೇಳಿ ಪಡೆದ, ಘೋಷಣೆ ಕೂಗಿದ ಪ್ರಕರಣಗಳನ್ನು ಬೇರೆ ಮಾಡಿ ವಾಪಸಿಗೆ ಕಳಿಸುವುದು, ಉಳಿದದ್ದನ್ನು ಒಂದೇ ವಿಶೇಷ ನ್ಯಾಯಾಲಯದಲ್ಲಿ ವಾರಕ್ಕೊಂದು ವಾಯಿದೆಯಂತೆ ನಡೆಸುವುದು. ವಕೀಲರು ಯುಎಪಿಎ ಮಂಜೂರಾತಿಯ ದಿನಾಂಕಗಳನ್ನು ಮೊದಲು ನೋಡಬೇಕು. 2008ರ ನಿಯಮದ ಪ್ರಕಾರ ಪರಿಶೀಲನಾ ಪ್ರಾಧಿಕಾರ ಶಿಫಾರಸು ಮಾಡಲು ಏಳು ಕೆಲಸದ ದಿನ, ಆಮೇಲೆ ಸರ್ಕಾರ ಮೊಕದ್ದಮೆಗೆ ಮಂಜೂರಾತಿ ಕೊಡಲು ಏಳು ಕೆಲಸದ ದಿನ. ಎಷ್ಟೋ ಕಡತಗಳಲ್ಲಿ ಈ ಗಡುವಿನ ಪ್ರಶ್ನೆ ಏಳುತ್ತದೆ.

ಯೋಜನೆ ಮುಟ್ಟದೇ ಬಿಟ್ಟದ್ದು ಊರನ್ನು. ಬಂದೂಕು ಹಿಡಿದವರಿಗೆ ಏಳೂವರೆ ಲಕ್ಷ, ಅದೇ ಅನ್ಯಾಯ ಅನುಭವಿಸಿ ಅರ್ಜಿ ಹಿಡಿದು ಕಾದವರಿಗೆ ಏನು ಎಂದು ಪಕ್ಕದ ಮನೆಯವರು ಕೇಳಿದರೆ ಉತ್ತರ ಬೇಕು. ಉತ್ತರ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಉಳುಮೆ, ವಾಸ ಇದ್ದ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರ್ ಮೀರದಂತೆ ಹಕ್ಕು ಸಿಗಬೇಕು, ರಾಷ್ಟ್ರೀಯ ಉದ್ಯಾನದೊಳಗೂ. ಇತರರಿಗೆ ಇದರ ಮೇಲೆ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ಪುರಾವೆ ಬೇಕು. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ. ‘ದಾಖಲೆ ಇಲ್ಲ’ ಎಂದು ತಿರಸ್ಕರಿಸುವುದು ದೊಡ್ಡ ರೋಗ. ನಿಯಮ 13 ಸರ್ಕಾರಿ ಕಾಗದವನ್ನು ಮಾತ್ರ ಕೇಳುವುದಿಲ್ಲ. ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ಪೂಜಾಸ್ಥಳ ಇವೂ ಪುರಾವೆಯೇ. ಹಾಡಿಯ ಅಂಚಿನ ದೈವದ ಕಟ್ಟೆಯ ಫೋಟೊ, ಅಲ್ಲಿ ಪೂಜೆ ಮಾಡುತ್ತ ಬಂದ ಅಜ್ಜನ ಹೇಳಿಕೆ, ಎರಡನ್ನೂ ಅರ್ಜಿಗೆ ಲಗತ್ತಿಸಿ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಿ.

ಅಂಕ ಕೊಡುವುದಾದರೆ ಮಧ್ಯಸ್ಥಿಕೆಗೆ ಐದಕ್ಕೆ ನಾಲ್ಕೂವರೆ, ಹಣಕ್ಕೆ ಮೂರು, ನ್ಯಾಯಾಲಯದ ನೆರವಿಗೆ ಒಂದು, ಊರಿನ ಪಾಲಿಗೆ ಒಂದು.

ಈ ಸೇವೆ ಇನ್ನೂ ಬೇಕೇ ಎಂದು ಕೇಳುವವರು ಕರಾವಳಿಯ ಕಡೆ ನೋಡಲಿ. 2025ರ ಮೇ ತಿಂಗಳಲ್ಲಿ ಮಂಗಳೂರು ಸೀಮೆಯಲ್ಲಿ ಕೋಮು ಸೇಡಿನ ಕೊಲೆಗಳಾದ ಮೇಲೆ ಜೂನ್‌ನಲ್ಲಿ ಸರ್ಕಾರ ವಿಶೇಷ ಕಾರ್ಯಪಡೆ ಕಟ್ಟಿತು, ಸಿಬ್ಬಂದಿಯನ್ನು ನಕ್ಸಲ್ ನಿಗ್ರಹ ದಳದಿಂದಲೂ ತೆಗೆದುಕೊಂಡಿತು. ಪಡೆ ಬಂತು, ಆದರೆ ಶರಣಾಗತಿ ಸಮಿತಿಯಂಥದ್ದು ಅದರ ಜೊತೆ ಬರಲಿಲ್ಲ. ಎರಡೂ ಕಡೆಯ ಗುಂಪುಗಳಲ್ಲಿ ಸಿಕ್ಕಿಕೊಂಡ ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರಲ್ಲಿ ಹೊರಬರಬೇಕೆನ್ನುವವರು ಇದ್ದೇ ಇರುತ್ತಾರೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ 2007ರಿಂದ ಪೊಲೀಸ್ ಮತ್ತು ನಗರಸಭೆ ಸೇರಿ ನಡೆಸುತ್ತಿರುವ ಕ್ರಮದಲ್ಲಿ ತಂದೆತಾಯಿ, ಶಾಲೆಯವರು ಮೊದಲೇ ಫೋನ್ ಮಾಡಬಹುದು. ಹುಡುಗನಿಗೆ ಒಬ್ಬ ಹಿರಿಯ ಮಾರ್ಗದರ್ಶಿಯನ್ನು ಜೋಡಿಸುತ್ತಾರೆ, ಓದು, ಕೆಲಸ, ಮನೆ ನೋಡಿಕೊಳ್ಳುತ್ತಾರೆ, ಅಪರಾಧ ಮಾಡಿದ್ದರೆ ಕಾನೂನು ತನ್ನ ದಾರಿಯಲ್ಲಿ ನಡೆಯುತ್ತದೆ. ಸಿರಿಯಾದ ಯುದ್ಧದಿಂದ ಮರಳಿದ ಯುವಕರನ್ನೂ ಹೀಗೇ ನೋಡಿಕೊಂಡರು. ನಮ್ಮಲ್ಲಿ ಇದಕ್ಕೆ ಬೇಕಾದ ಜನ ಈಗಲೇ ಇದ್ದಾರೆ: ಹೈಸ್ಕೂಲು ಮೇಷ್ಟ್ರು, ಕಬಡ್ಡಿ ತಂಡದ ಕೋಚ್, ದೈವಸ್ಥಾನದ ಗುರಿಕಾರರು, ಜಮಾತಿನ ಹಿರಿಯರು. ಅವರ ಕೈಗೆ ಒಂದು ಫೋನ್ ನಂಬರ್, ಒಬ್ಬ ಆಪ್ತಸಮಾಲೋಚಕರು, ‘ಹೇಳಿಕೊಂಡವನ ಮೇಲೆ ಹೇಳಿಕೊಂಡ ಕಾರಣಕ್ಕೇ ಕೇಸು ಹಾಕುವುದಿಲ್ಲ’ ಎಂಬ ಲಿಖಿತ ಆದೇಶ ಬೇಕು. ಮಗನ ಮೊಬೈಲಿನಲ್ಲಿ ತಲವಾರಿನ ಫೋಟೊ ಕಂಡ ಬಂಟ್ವಾಳದ ತಾಯಿಗೆ ಇವತ್ತು ಕರೆಮಾಡಲು ಸಿಗುವುದು 112 ಒಂದೇ. ಆ ನಂಬರಿಗೆ ಕರೆಮಾಡಿದರೆ ಮಗನ ಮೇಲೆ ರೌಡಿ ಶೀಟ್ ತೆರೆಯುತ್ತಾರೆ ಎಂದು ಅವಳು ಹೆದರುತ್ತಾಳೆ, ಫೋನ್ ಕೆಳಗಿಡುತ್ತಾಳೆ.